ಗಣಿಯ ಕಟ್ಟಳೆ



ಈ ದಿನದ ಸಭೆಯಲ್ಲಿ ಹೊಲಮನೆಯವರಿಗಿಂತ ಕಾರ್ಖಾನೆಗಳಲ್ಲಿ ದುಡಿಯುವವರೇ ಹೆಚ್ಚಾಗಿ ಕುಳಿತಿದ್ದೀರಿ. ಸಕ್ಕರೆ ಕಾರ್ಖಾನೆಯವರಿದ್ದೀರಿ, ಅರಳೆ ಗಿರಣಿಯವರಿದ್ದೀರಿ, ಕಲ್ಲುಗಣಿಯವರಿದ್ದೀರಿ. ದುಡಿಸಿಕೊಳ್ಳುವ ಧಣಿಗಳೂ ಕೆಲವರು ಬಂದಿದ್ದೀರಿ. ಎರಡೂ ಪಕ್ಷದವರು ಒಂದೇ ಜಮಖಾನೆಯ ಮೇಲೆ ಕುಳಿತಿರುವಾಗ ಇಬ್ಬರಿಗೂ ಸಂಬಂಧಪಟ್ಟ ಮಾತನ್ನೇ ಆಡುವುದು ಉಚಿತವೆಂದು ನಮಗೆ ತೋರಿತು.

ಶಿಸ್ತು ಎಂಬ ಮಾತು ಧಣಿಗಳ ಬಾಯಲ್ಲಿ ಹೆಚ್ಚು. ಹಕ್ಕು ಎಂಬ ಮಾತು ದುಡಿಯುವವರ ಬಾಯಲ್ಲಿ ಹೆಚ್ಚು. ಒಬ್ಬರಾಡಿದ ಮಾತು ಇನ್ನೊಬ್ಬರ ಕಿವಿಗೆ ಬೈಗಳಂತೆ ಕೇಳಿಸುತ್ತದೆ. ಹೀಗಾಗಿ ಕಾರ್ಖಾನೆಯ ಗೋಡೆಗೆ ಬರೆದು ಹಾಕಿದ ಕಟ್ಟಳೆಗಳನ್ನು ಧಣಿಯೂ ಓದುವುದಿಲ್ಲ, ಆಳೂ ಓದುವುದಿಲ್ಲ. ಕೈಬೆರಳು ಹೋದ ದಿನ ಇಬ್ಬರೂ ಓದುತ್ತಾರೆ. ಈ ಕಟ್ಟಳೆಗಳು ಎಲ್ಲಿಂದ ಬಂದವು? ಯಾರು ಬರೆದರು? ಯಾರ ಪ್ರಾಣ ಹೋದ ಮೇಲೆ ಬರೆದರು? ಈ ಪ್ರಶ್ನೆಗಳನ್ನು ಕೇಳಿಕೊಂಡರೆ ಶಿಸ್ತು ಯಾವುದು, ಹಕ್ಕು ಯಾವುದು ಎಂಬುದು ತಾನಾಗಿಯೇ ವಿಶದವಾಗುತ್ತದೆ.

ಅದಕ್ಕಾಗಿ ನಾವು ಗಣಿಯ ಇತಿಹಾಸವನ್ನು ಆರಿಸಿಕೊಂಡಿದ್ದೇವೆ. ನೆಲದ ಮೇಲಿನ ಕೆಲಸದಲ್ಲಿ ಎಚ್ಚರ ತಪ್ಪಿದರೆ ಸಾಮಾನ್ಯವಾಗಿ ತಪ್ಪಿದವನಿಗೇ ಪೆಟ್ಟು. ನೆಲದ ಹೊಟ್ಟೆಯೊಳಗೆ ಹಾಗಲ್ಲ; ಒಬ್ಬನು ಬೀಡಿ ಹಚ್ಚಿದರೆ ಇನ್ನೂರು ಜನ ಸುಟ್ಟುಹೋಗುತ್ತಾರೆ. ಆದುದರಿಂದ ದುಡಿಮೆಯ ಕಟ್ಟಳೆಗಳು ಮೊಟ್ಟಮೊದಲು ಬಿಗಿಯಾಗಿ ಬೆಳೆದದ್ದು ಅಲ್ಲಿಯೇ. ಇಂಗ್ಲಂಡಿನ ಕಲ್ಲಿದ್ದಲ ಗಣಿಗಳಿಂದಲೇ ಆರಂಭಿಸಬೇಕಾಗಿದೆ, ಯಾಕೆಂದರೆ ನಮ್ಮ ದೇಶದ ಗಣಿ ಕಾಯಿದೆಗಳೆಲ್ಲ ಅಲ್ಲಿಯ ಕಾಯಿದೆಗಳ ಮಕ್ಕಳು.

ಗಣಿಯೊಳಗೆ ಕಲ್ಲಿದ್ದಲ ಪದರಿನಿಂದ ಮಿಥೇನ್ ಎಂಬ ಅನಿಲ ಒಸರುತ್ತದೆ. ಗಾಳಿಯೊಡನೆ ಹದವಾಗಿ ಬೆರೆತಾಗ ಒಂದು ಕಿಡಿ ಸಾಕು, ಸಿಡಿಯುತ್ತದೆ. ಅದು ನಿಲ್ಲದಂತೆ ಒಳಗೆಲ್ಲ ಗಾಳಿಯಾಡಬೇಕು. ಗಾಳಿಯನ್ನು ಬೇಕಾದ ಸುರಂಗಕ್ಕೆ ತಿರುಗಿಸಲು ನಡುನಡುವೆ ಮರದ ಬಾಗಿಲುಗಳನ್ನು ನಿಲ್ಲಿಸುತ್ತಿದ್ದರು. ಬಂಡಿ ಬಂದಾಗ ಬಾಗಿಲು ತೆಗೆಯಬೇಕು, ಹೋದಕೂಡಲೆ ಮುಚ್ಚಬೇಕು. ಈ ಕೆಲಸಕ್ಕೆ ಯಾರನ್ನು ಇಡುತ್ತಿದ್ದರು ಗೊತ್ತೇ? ಆರು, ಏಳು, ಎಂಟು ವರುಷದ ಮಕ್ಕಳನ್ನು! ಕೈಯಲ್ಲೊಂದು ಹಗ್ಗ ಹಿಡಿದು ಹನ್ನೆರಡು ತಾಸು ಕತ್ತಲಲ್ಲಿ ಕುಳಿತಿರುವುದು ಆ ಕೂಸಿನ ಕೆಲಸ. ಕಣ್ಣಿಗೆ ನಿದ್ದೆ ಹತ್ತಿತೆಂದರೆ ಗಾಳಿ ದಾರಿ ತಪ್ಪಿತು, ಅನಿಲ ತುಂಬಿತು. ಗಣಿಯಲ್ಲಿದ್ದ ಅಷ್ಟೂ ಗಂಡಸರ ಪ್ರಾಣ ಆ ಹಗ್ಗದ ತುದಿಯಲ್ಲಿ ನೇತಾಡುತ್ತಿತ್ತು. ಸ್ಫೋಟವಾದ ಮೇಲೆ ಬಾಗಿಲು ತೆರೆದುಬಿಟ್ಟ ಹುಡುಗನ ಮೇಲೆ ತಪ್ಪು ಹೊರಿಸಿದ್ದೂ ಉಂಟು. ಜವಾಬ್ದಾರಿಯೆಲ್ಲ ಒಬ್ಬನ ತಲೆಯ ಮೇಲೆ, ಹಕ್ಕೆಂಬುದು ಸಾಸಿವೆಯಷ್ಟೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ನಮಗೆ ಬೇರೆಲ್ಲಿಯೂ ಸಿಕ್ಕಿಲ್ಲ.

೧೮೩೮ರ ಜುಲೈ ೪ರಂದು ಯಾರ್ಕ್‌ಷೈರಿನ ಸಿಲ್ಕ್‌ಸ್ಟೋನ್ ಎಂಬ ಊರಿನ ಹತ್ತಿರದ ಗಣಿಯಲ್ಲಿ, ಗುಡುಗು ಮಳೆಗೆ ಯಂತ್ರ ನಿಂತು, ಮಕ್ಕಳು ಬೇರೊಂದು ಇಳಿಜಾರು ದಾರಿಯಿಂದ ಹೊರಗೆ ಬರಲು ಹೊರಟರು. ಉಕ್ಕಿದ ಹಳ್ಳದ ನೀರು ಅದೇ ದಾರಿಯಿಂದ ಒಳಗೆ ನುಗ್ಗಿತು. ನೀರಿನ ರಭಸಕ್ಕೆ ಮಕ್ಕಳು ಗಾಳಿಬಾಗಿಲಿಗೆ ಒತ್ತಿಹೋದರು. ೨೬ ಮಕ್ಕಳು ಸತ್ತರು. ಅವರಲ್ಲಿ ೧೧ ಹೆಣ್ಣುಮಕ್ಕಳು. ಆ ಮೇಲೆ ಸರಕಾರ ವಿಚಾರಣಾ ಆಯೋಗ ನೇಮಿಸಿತು; ೧೮೪೨ರಲ್ಲಿ ಬಂದ ಕಾಯಿದೆ ಹೆಂಗಸರನ್ನೂ ಹುಡುಗಿಯರನ್ನೂ ಹತ್ತು ವರುಷದೊಳಗಿನ ಹುಡುಗರನ್ನೂ ಗಣಿಯೊಳಗೆ ಇಳಿಸಕೂಡದೆಂದು ವಿಧಿಸಿತು. ಹತ್ತು ತುಂಬಿದ ಹುಡುಗ ಇಳಿಯಬಹುದಾಗಿತ್ತು ಎಂಬುದನ್ನು ಮರೆಯಬೇಡಿರಿ. ಕಾಯಿದೆ ಎಂಬುದು ಒಮ್ಮೆಗೇ ಪೂರ್ತಿ ಕಣ್ಣು ತೆರೆಯುವುದಿಲ್ಲ.

ಇನ್ನು ದೀಪದ ಕಥೆ. ೧೮೧೨ರ ಮೇ ೨೫ರಂದು ಫೆಲಿಂಗ್ ಎಂಬಲ್ಲಿಯ ಗಣಿ ಸಿಡಿದು ೯೨ ಜನ ಸತ್ತರು. ಇಂಥ ಸುದ್ದಿ ಪತ್ರಿಕೆಯಲ್ಲಿ ಬರದಂತೆ ಧಣಿಗಳು ನೋಡಿಕೊಳ್ಳುತ್ತಿದ್ದ ಕಾಲ ಅದು. ಆ ಊರಿನ ಪಾದ್ರಿ ಜಾನ್ ಹಾಡ್ಜ್‌ಸನ್ ಎಂಬವನು ಸತ್ತವರ ಹೆಸರು, ವಯಸ್ಸುಗಳನ್ನು ಬರೆದು ಅಚ್ಚು ಹಾಕಿಸಿದ. ದೇವರ ಕೆಲಸದವನು ಮಣ್ಣು ಮಾಡುವ ಕಾರ್ಯ ಮುಗಿಸಿ ಸುಮ್ಮನಿರಲಿಲ್ಲ ಎಂಬುದು ನಮ್ಮಂಥವರು ಲಕ್ಷ್ಯದಲ್ಲಿಡಬೇಕಾದ ಸಂಗತಿ. ಅದರಿಂದೆದ್ದ ಚರ್ಚೆಯ ಫಲವಾಗಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ೧೮೧೫ರಲ್ಲಿ ಒಂದು ದೀಪ ಮಾಡಿದ. ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿಯ ಜಾಳಿಗೆ. ಜಾಳಿಗೆಯು ಉರಿಯ ಶಾಖವನ್ನು ಎಳೆದುಕೊಳ್ಳುವುದರಿಂದ ಒಳಗಿನ ಜ್ವಾಲೆ ಹೊರಗಿನ ಅನಿಲಕ್ಕೆ ತಗಲುವುದಿಲ್ಲ. ಡೇವಿ ಇದಕ್ಕೆ ಹಕ್ಕುಪತ್ರ ಪಡೆಯಲಿಲ್ಲ, ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟ. ದೊಡ್ಡ ಮನಸ್ಸು.

ಇಷ್ಟಾದ ಮೇಲೆ ಗಣಿಯಲ್ಲಿ ಸಾವು ಕಡಿಮೆಯಾಗಬೇಕಷ್ಟೆ? ಆಗಲಿಲ್ಲ. ಮೊದಲು ಅನಿಲಕ್ಕೆ ಹೆದರಿ ಬಿಟ್ಟಿದ್ದ ಪದರುಗಳನ್ನು, ದೀಪವಿದೆಯಲ್ಲ ಎಂಬ ಧೈರ್ಯದಿಂದ, ಅಗೆಯಲು ಆರಂಭಿಸಿದರು. ಗಾಳಿಯ ವ್ಯವಸ್ಥೆಗೆ ಖರ್ಚು ಮಾಡಬೇಕಾದಲ್ಲಿ ದೀಪ ಕೊಟ್ಟು ಕೈತೊಳೆದುಕೊಂಡವರೂ ಇದ್ದರು. ಕಾರ್ಮಿಕನೂ ಸಾಧುವಲ್ಲ. ಜಾಳಿಗೆಯ ದೀಪದ ಬೆಳಕು ಮಂಕು. ಅವನಿಗೆ ಕೂಲಿ ತೂಕದ ಲೆಕ್ಕದಲ್ಲಿ. ಮಂಕು ಬೆಳಕಿನಲ್ಲಿ ಕಡಿದರೆ ಸಂಜೆಗೆ ಕೈಗೆ ಬರುವ ಕಾಸು ಕಡಿಮೆ. ಆದ್ದರಿಂದ ಜಾಳಿಗೆ ತೆಗೆದಿಟ್ಟು ಬರಿಯ ಜ್ವಾಲೆಯಲ್ಲಿ ಕೆಲಸ ಮಾಡುತ್ತಿದ್ದ. ಅದರಿಂದಲೇ ಚಿಲುಮೆಯನ್ನೂ ಹಚ್ಚಿಕೊಳ್ಳುತ್ತಿದ್ದ. ಆಮೇಲೆ ದೀಪಕ್ಕೆ ಬೀಗ ಬಂತು. ಇಳಿಯುವ ಮುಂಚೆ ಕಿಸೆ ತಡಕುವ ಪದ್ಧತಿ ಬಂತು. ಕಡ್ಡಿಪೆಟ್ಟಿಗೆ ಸಿಕ್ಕರೆ ಶಿಕ್ಷೆ ಬಂತು. ಇವೆಲ್ಲ ಬೇಕಾದವುಗಳೇ. ದೀಪ ಬಿಚ್ಚಿದವನು ತನ್ನೊಬ್ಬನ ಪ್ರಾಣವನ್ನಲ್ಲ, ಪಕ್ಕದವನ ಹೆಂಡತಿಯ ತಾಳಿಯನ್ನೂ ಪಣಕ್ಕಿಡುತ್ತಾನೆ. ಅದಕ್ಕೆ ಅವನಿಗೆ ಅಧಿಕಾರವಿಲ್ಲ. ಆದರೆ ದೀಪ ಬಿಚ್ಚುವ ಆಸೆ ಅವನ ಮನಸ್ಸಿನಲ್ಲಿ ಹುಟ್ಟಿದ್ದು ಯಾಕೆ, ಆ ಕೂಲಿಯ ಲೆಕ್ಕ ಕಟ್ಟಿದವರು ಯಾರು ಎಂದು ಬಹುಕಾಲ ಯಾರೂ ಕೇಳಲಿಲ್ಲ.

ಊರೆಗಂಬದ ಮಾತೂ ಇದೇ ಬಗೆಯದು. ಸ್ಫೋಟಗಳು ಪತ್ರಿಕೆಗೆ ಬರುತ್ತವೆ. ಗಣಿಗಳಲ್ಲಿ ಅದಕ್ಕಿಂತ ಹೆಚ್ಚು ಜನ ಸತ್ತದ್ದು ಮೇಲಿನ ಚಪ್ಪರ ಕುಸಿದು. ಇಲ್ಲೊಬ್ಬ, ಅಲ್ಲಿಬ್ಬರು, ಯಾರಿಗೂ ಸುದ್ದಿಯಿಲ್ಲದಂತೆ. ಚಪ್ಪರ ಕುಸಿಯದಂತೆ ಮರದ ಕಂಬಗಳನ್ನು ಊರೆ ಕೊಡುತ್ತ ಮುಂದೆ ಹೋಗಬೇಕು. ಆ ಕೆಲಸ ಕಾರ್ಮಿಕನದು. ಅದಕ್ಕೆ ಹಲವೆಡೆ ಪ್ರತ್ಯೇಕ ಕೂಲಿ ಇರಲಿಲ್ಲ; ಅದನ್ನು ‘ಸತ್ತ ಕೆಲಸ’ ಎಂದೇ ಕರೆಯುತ್ತಿದ್ದರು. ಒಂದು ತಾಸು ಊರೆ ನಿಲ್ಲಿಸುವುದರಲ್ಲಿ ಕಳೆದರೆ ಒಂದು ತಾಸಿನ ಕಲ್ಲಿದ್ದಲು ಹೋಯಿತು. ಹಸಿದ ಸಂಸಾರವಂದಿಗ ಏನು ಮಾಡುತ್ತಾನೆ? ನಾಲ್ಕು ಕಂಬದ ಜಾಗದಲ್ಲಿ ಮೂರು ನಿಲ್ಲಿಸುತ್ತಾನೆ. ಚಪ್ಪರ ಬಿದ್ದಾಗ ‘ಅಜಾಗರೂಕತೆ’ ಎಂದು ದಾಖಲೆಯಾಗುತ್ತದೆ. ನಿಮ್ಮಲ್ಲಿ ತುಂಡುಗೂಲಿಯ ಮೇಲೆ ಕೆಲಸ ಮಾಡಿಸುವ ಧಣಿಗಳಿದ್ದರೆ ಈ ಮಾತನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿರಿ. ಎಚ್ಚರಕ್ಕೆ ಹಿಡಿಯುವ ಹೊತ್ತಿಗೆ ಕೂಲಿ ಕಟ್ಟದವನು ಎಚ್ಚರವನ್ನು ಬೇಡಿದಂತಾಗುವುದಿಲ್ಲ.

ಅಂದಿನ ನ್ಯಾಯಾಲಯಗಳೂ ಧಣಿಗಳ ಕಡೆಗೇ ವಾಲಿದ್ದವು. ೧೮೩೭ರಲ್ಲಿ ಒಬ್ಬ ಕಟುಕನ ಆಳು, ಹೆಚ್ಚು ಹೊರೆ ಹೇರಿದ ಗಾಡಿ ಮುರಿದು ಬಿದ್ದು ತೊಡೆ ಮುರಿದುಕೊಂಡ. ದಾವೆ ಹಾಕಿದ. ಕೆಲಸಕ್ಕೆ ಒಪ್ಪಿಕೊಂಡವನು ಅದರ ಅಪಾಯವನ್ನೂ ಒಪ್ಪಿಕೊಂಡಂತೆ ಎಂದು ನ್ಯಾಯಾಧೀಶರು ಅವನನ್ನು ಬರಿಗೈಯಲ್ಲಿ ಕಳಿಸಿದರು. ಜೊತೆಗಾರನ ತಪ್ಪಿನಿಂದ ಪೆಟ್ಟಾದರೆ ಧಣಿಯನ್ನು ಕೇಳುವಂತಿಲ್ಲ ಎಂಬ ತತ್ತ್ವ ಅಲ್ಲಿಂದಲೇ ಬೆಳೆಯಿತು. ಸಾವಿರ ಜನ ದುಡಿಯುವ ಗಣಿಯಲ್ಲಿ ಮೇಸ್ತ್ರಿಯೂ ಜೊತೆಗಾರನೇ ಎಂದಾದರೆ, ಧಣಿ ಸಿಕ್ಕುವುದು ಯಾವಾಗ? ೧೮೫೫ರ ಗಣಿ ಕಾಯಿದೆಯಲ್ಲಿ ಎಲ್ಲ ಗಣಿಗಳಿಗೂ ಸಾಮಾನ್ಯ ನಿಯಮಗಳು ಬಂದವು. ಮುರಿದ ಧಣಿಗೆ ದಂಡ. ಮುರಿದ ಕಾರ್ಮಿಕನಿಗೆ ದಂಡ, ಇಲ್ಲವೆ ಸೆರೆಮನೆ. ಒಂದೇ ತಪ್ಪಿಗೆ ಎರಡು ತಕ್ಕಡಿ.

ಈಗ ಹಾರ್ಟ್ಲಿ ಗಣಿಗೆ ಬರೋಣ. ನಮ್ಮ ವಿಷಯದ ತಿರುಳು ಇಲ್ಲಿಯೇ ಇದೆ.

ಇಂಗ್ಲಂಡಿನ ಉತ್ತರ ತುದಿಯಲ್ಲಿ, ಸಮುದ್ರದ ಹತ್ತಿರ, ನ್ಯೂ ಹಾರ್ಟ್ಲಿ ಎಂಬ ಹಳ್ಳಿ. ಅಲ್ಲಿಯ ಗಣಿಗೆ ಇದ್ದದ್ದು ಒಂದೇ ಬಾವಿ. ಸುಮಾರು ಹನ್ನೆರಡು ಅಡಿ ಅಗಲ, ಆರು ನೂರು ಅಡಿ ಆಳ. ಅದರ ನಡುವೆ ಮೇಲಿನಿಂದ ಕೆಳಗಿನವರೆಗೆ ಮರದ ಹಲಗೆಯ ಗೋಡೆ ಕಟ್ಟಿ ಎರಡು ಪಾಲು ಮಾಡಿದ್ದರು. ಒಂದು ಪಾಲಿನಲ್ಲಿ ಗಾಳಿ ಇಳಿಯುವುದು, ಇನ್ನೊಂದರಲ್ಲಿ ಕೆಟ್ಟ ಗಾಳಿ ಏರುವುದು. ಜನ ಇಳಿಯುವುದೂ, ಕಲ್ಲಿದ್ದಲು ಏರುವುದೂ, ನೀರೆತ್ತುವ ಕೊಳವೆಯೂ ಅದರಲ್ಲಿಯೇ. ಬಾವಿಯ ಬಾಯಿಯ ಮೇಲೆ ನೀರೆತ್ತುವ ಯಂತ್ರದ ದೊಡ್ಡ ತೊಲೆ, ಏತದ ಮರದಂತೆ ಏರಿಳಿಯುತ್ತಿತ್ತು. ಎರಕದ ಕಬ್ಬಿಣ, ತೂಕ ೪೨ ಟನ್.

೧೮೬೨ರ ಜನವರಿ ೧೬, ಗುರುವಾರ ಬೆಳಿಗ್ಗೆ ಹತ್ತೂವರೆಯ ಸುಮಾರು. ಪಾಳಿ ಬದಲಾಗುವ ಹೊತ್ತು. ಮೊದಲ ಪಾಳಿಯವರು ಇನ್ನೂ ಪೂರ್ತಿ ಮೇಲೆ ಬಂದಿಲ್ಲ, ಎರಡನೆಯ ಪಾಳಿಯವರು ಇಳಿದಿದ್ದಾರೆ. ಎಂಟು ಜನ ಪಂಜರದಲ್ಲಿ ಮೇಲೇರುತ್ತಿದ್ದಾರೆ. ಆಗ ಆ ತೊಲೆ ನಡುವಿನಲ್ಲಿ ಮುರಿಯಿತು. ಅರ್ಧ ಭಾಗ, ಇಪ್ಪತ್ತು ಟನ್ನಿಗೂ ಮೇಲಿನ ಕಬ್ಬಿಣ, ಬಾವಿಯೊಳಗೆ ಬಿತ್ತು. ಹಲಗೆಯ ಗೋಡೆ, ಮರಮುಟ್ಟು, ಕಲ್ಲು ಎಲ್ಲವನ್ನೂ ಎಳೆದುಕೊಂಡು ಬಾವಿಯ ನಡುವೆ ಬಿಗಿಯಾಗಿ ಸಿಕ್ಕಿಕೊಂಡಿತು. ಪಂಜರದಲ್ಲಿದ್ದವರಲ್ಲಿ ಐವರು ಸತ್ತರು, ಮೂವರನ್ನು ಮೇಲೆ ತೆಗೆದರು. ಕೆಳಗೆ ೧೯೯ ಜನ ಉಳಿದರು. ಅವರಿಗೆ ಬೇರೆ ದಾರಿ ಇರಲಿಲ್ಲ. ದಾರಿ ಮುಚ್ಚಿದ್ದಷ್ಟೇ ಅಲ್ಲ, ಗಾಳಿಯೂ ಮುಚ್ಚಿತು.

ಸುತ್ತಣ ಗಣಿಗಳ ಜನ ಓಡಿ ಬಂದು ಹಗಲೂ ರಾತ್ರಿ ಅಗೆದರು. ಮಹಾರಾಣಿ ವಿಕ್ಟೋರಿಯಾ ತನ್ನ ಗಂಡನನ್ನು ಕಳೆದುಕೊಂಡು ಆಗಿನ್ನೂ ಐದು ವಾರವಾಗಿತ್ತು. ಆಕೆಯೂ ತಂತಿ ಕಳಿಸಿ ವಿಚಾರಿಸಿದಳು. ಆರನೆಯ ಹೊತ್ತು, ಬುಧವಾರ, ಒಳಗೆ ತಲುಪಿದವರು ನೋಡಿದ್ದೇನು? ಗಂಡಸರೂ ಹುಡುಗರೂ ಸಾಲಾಗಿ ಮಲಗಿದ್ದರು. ತಂದೆಯ ಹೆಗಲ ಮೇಲೆ ತಲೆಯಿಟ್ಟು ಮಕ್ಕಳು ಸತ್ತಿದ್ದರು. ಮೈಮೇಲೆ ಗಾಯವಿರಲಿಲ್ಲ, ವಿಷಗಾಳಿ ಅವರನ್ನು ನಿದ್ದೆಯಲ್ಲಿ ಎಂಬಂತೆ ಒಯ್ದಿತ್ತು. ಒಬ್ಬ ಮೇಸ್ತ್ರಿಯ ಬಳಿ ಕಿರುಪುಸ್ತಕ ಸಿಕ್ಕಿತು. ಶುಕ್ರವಾರ ಮಧ್ಯಾಹ್ನ ಒಂದೂ ಮುಕ್ಕಾಲಕ್ಕೆ ತಾವೆಲ್ಲ ಕೂಡಿ ಪ್ರಾರ್ಥನೆ ಮಾಡಿದುದಾಗಿ, ಯಾರು ಯಾರು ಧೈರ್ಯದ ಮಾತು ಹೇಳಿದರೆಂಬುದಾಗಿ ಅದರಲ್ಲಿ ಬರೆದಿತ್ತು. ಐವರನ್ನು ಕೂಡಿಸಿ ಒಟ್ಟು ೨೦೪ ಜನ. ಕೆಲವು ಮನೆಗಳಲ್ಲಿ ಗಂಡುಜೀವವೇ ಉಳಿಯಲಿಲ್ಲ.

ಬಂಧುಗಳೇ, ಇಲ್ಲಿ ಒಂದು ಕ್ಷಣ ನಿಂತು ಯೋಚಿಸೋಣ. ಹಾರ್ಟ್ಲಿಯಲ್ಲಿ ಯಾವ ಕಾರ್ಮಿಕನೂ ಶಿಸ್ತು ಮುರಿದಿರಲಿಲ್ಲ. ಯಾರೂ ದೀಪ ಬಿಚ್ಚಲಿಲ್ಲ, ಯಾರೂ ಕುಡಿದು ಬಂದಿರಲಿಲ್ಲ, ಪಾಳಿಗೆ ತಡ ಮಾಡಿರಲಿಲ್ಲ. ತಡ ಮಾಡಿದವನಿದ್ದರೆ ಅವನೇ ಉಳಿದಾನು! ಸಾಯುವ ಹೊತ್ತಿನಲ್ಲಿಯೂ ಆ ಜನ ಗದ್ದಲ ಮಾಡದೆ ಪ್ರಾರ್ಥನೆಗೆ ಕುಳಿತರು. ಇದಕ್ಕಿಂತ ದೊಡ್ಡ ಶಿಸ್ತು ಯಾವುದಿದೆ? ಆ ಶಿಸ್ತು ಅವರನ್ನು ಉಳಿಸಲಿಲ್ಲ. ಧಣಿಯೂ ಕಾಯಿದೆ ಮುರಿದಿರಲಿಲ್ಲ. ಒಂದೇ ಬಾವಿಯ ಗಣಿ ಅಂದು ನ್ಯಾಯಬದ್ಧವಾಗಿತ್ತು. ಎರಡನೆಯ ಬಾವಿ ತೋಡಲು ಹಣ ಬೇಕು, ಅಷ್ಟೇ. ಪಂಚರು ಆಕಸ್ಮಿಕವೆಂದು ತೀರ್ಪು ಕೊಟ್ಟು, ಇನ್ನು ಮುಂದೆ ಎರಡು ದಾರಿಗಳಿರಬೇಕೆಂದು ಸೂಚಿಸಿದರು. ಅದೇ ವರುಷ ಪಾರ್ಲಿಮೆಂಟು ಪ್ರತಿಯೊಂದು ಗಣಿಗೂ ಎರಡು ದಾರಿಗಳಿರತಕ್ಕದ್ದೆಂದು ಕಾಯಿದೆ ಮಾಡಿತು. ಗಣಿಯ ಕಾರ್ಮಿಕರು ಆ ಮಾತನ್ನು ಅದಕ್ಕೂ ಮೊದಲೇ ಆಡಿದ್ದರು. ಕೇಳುವ ಕಿವಿ ಇರಲಿಲ್ಲ.

ಕೆಳಗೆ ಇಳಿಯುವವನ ಮಾತಿಗೆ ಮೇಲೆ ಸ್ಥಾನವಿಲ್ಲದಿದ್ದರೆ ಕಟ್ಟಳೆ ಕುರುಡಾಗುತ್ತದೆ. ಆ ಸ್ಥಾನ ಮೊದಲು ದೊರೆತದ್ದು ತಕ್ಕಡಿಯ ಹತ್ತಿರ ಎಂಬುದು ಸ್ವಾರಸ್ಯದ ಸಂಗತಿ. ಕೂಲಿ ತೂಕದ ಮೇಲೆ. ತೂಗುವವನು ಧಣಿಯ ಮನುಷ್ಯ. ೧೮೬೦ರ ಕಾಯಿದೆಯು ಕಾರ್ಮಿಕರು ತಮ್ಮ ಖರ್ಚಿನಿಂದ ತಮ್ಮವನೊಬ್ಬನನ್ನು ತಕ್ಕಡಿಯ ಪಕ್ಕದಲ್ಲಿ ನಿಲ್ಲಿಸಬಹುದು ಎಂದಿತು. ೧೮೭೨ರ ಕಾಯಿದೆ ಇನ್ನೂ ಮುಂದೆ ಹೋಗಿ, ಕಾರ್ಮಿಕರು ತಮ್ಮಲ್ಲಿ ಇಬ್ಬರನ್ನು ಆರಿಸಿ ಗಣಿಯೆಲ್ಲವನ್ನೂ ಪರೀಕ್ಷೆ ಮಾಡಿಸಬಹುದು ಎಂದಿತು. ಗಣಿಯ ವ್ಯವಸ್ಥಾಪಕ ಪರೀಕ್ಷೆ ಕೊಟ್ಟು ಯೋಗ್ಯತಾಪತ್ರ ಪಡೆದವನೇ ಆಗಿರಬೇಕೆಂದೂ ವಿಧಿಸಿತು. ಆದರೆ ತನಿಖೆಯ ಖರ್ಚು ಕಾರ್ಮಿಕರದೇ ಆದುದರಿಂದಲೂ, ತಪ್ಪು ತೋರಿಸಿದವನ ಕೆಲಸ ಹೋದೀತೆಂಬ ಅಂಜಿಕೆಯಿಂದಲೂ ಹಲವು ಗಣಿಗಳಲ್ಲಿ ಈ ಹಕ್ಕು ಪುಸ್ತಕದಲ್ಲಿಯೇ ಮಲಗಿತು. ಬಳಸದ ಹಕ್ಕು ತುಕ್ಕು ಹಿಡಿದ ಕುಡುಗೋಲು. ಧಣಿಯನ್ನು ದೂರುವಾಗ ನಾವು ಇದನ್ನೂ ಹೇಳಲೇಬೇಕು.

ನಮ್ಮ ದೇಶಕ್ಕೆ ಗಣಿ ಕಾಯಿದೆ ಬಂದದ್ದು ೧೯೦೧ರಲ್ಲಿ. ಅದನ್ನು ಬೇಗ ತಂದದ್ದು ಎರಡು ದುರಂತಗಳು. ಒಂದು ಬಲೂಚಿಸ್ತಾನದ ಖೋಸ್ತ್ ಕಲ್ಲಿದ್ದಲ ಗಣಿಯಲ್ಲಿ, ೪೭ ಸಾವು. ಇನ್ನೊಂದು ೧೮೯೭ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ೫೨ ಸಾವು. ಕನ್ನಡ ನಾಡಿನ ನೆಲದಲ್ಲಿ ಸತ್ತ ಐವತ್ತೆರಡು ಜನರಿಂದ ಇಡೀ ಹಿಂದುಸ್ಥಾನದ ಗಣಿ ಕಾರ್ಮಿಕರಿಗೆ ಕಾಯಿದೆ ದೊರೆಯಿತು ಎಂಬುದು ನಮ್ಮ ಶಾಲೆಯ ಪುಸ್ತಕಗಳಲ್ಲಿ ಇದೆಯೋ ಇಲ್ಲವೋ, ಇರಬೇಕು. ಕೆಲಸದಲ್ಲಿ ಪೆಟ್ಟಾದವನಿಗೆ ಪರಿಹಾರ ಕೊಡುವ ಕಾಯಿದೆ ಬರಲು ಮಾತ್ರ ೧೯೨೩ರವರೆಗೆ ಕಾಯಬೇಕಾಯಿತು.

ಕೋಲಾರದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕೆಲಸ ಹಿಡಿಯಿತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದ, ಊರಿನಲ್ಲಿ ತುಂಡು ನೆಲವೂ ಇಲ್ಲದ ದಲಿತ ಜನರೇ ಅಲ್ಲಿ ಹೆಚ್ಚಾಗಿ ಇಳಿದು ದುಡಿದವರು. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. ಅದನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಷ್ಟು ಕೆಳಗೆ ಬಂಡೆಯನ್ನು ಮುಟ್ಟಿದರೆ ಕೈ ಸುಡುತ್ತದೆ. ತಂಪು ಗಾಳಿಯನ್ನು ಯಂತ್ರದಿಂದ ತುಂಬದೆ ಮನುಷ್ಯ ನಿಲ್ಲಲಾರ.

ಅಲ್ಲಿ ಶಿಸ್ತಿಗೆ ಕೊರತೆ ಇರಲಿಲ್ಲ. ಆದರೆ ಯಾವುದರ ಶಿಸ್ತು? ಚಿನ್ನದ ಚೂರು ಹೊರಗೆ ಹೋಗಬಾರದೆಂಬ ಶಿಸ್ತು. ಪಾಳಿ ಮುಗಿಸಿ ಬಂದವನ ಮೈಯನ್ನೆಲ್ಲ ತಡಕುವರು. ಕಾವಲಿಗೆ ಬೇರೆ ಪಡೆಯೇ ಇತ್ತು. ಅದಿರಿನ ತುಣುಕು ಬಳಿಯಲ್ಲಿದ್ದರೂ ಅಪರಾಧವಾಗುವಂತೆ ಸಂಸ್ಥಾನದ ಶಾಸನವಾಯಿತು. ೧೯೩೦ರಲ್ಲಿ ಪ್ರತಿಯೊಬ್ಬ ಕಾರ್ಮಿಕನೂ ಬೆರಳಚ್ಚು ಕೊಟ್ಟು ಹೆಸರು ದಾಖಲಿಸಬೇಕೆಂಬ ಆಜ್ಞೆ ಹೊರಟಿತು. ಬೆರಳಚ್ಚೆಂದರೆ ಕಳ್ಳರದು ಎಂಬ ಭಾವನೆ ಜನರಲ್ಲಿತ್ತು. ಸಾವಿರಾರು ಜನ ಹತಾರು ಕೆಳಗಿಟ್ಟರು. ಅವರಿಗೆ ಗಟ್ಟಿಯಾದ ಸಂಘವೂ ಆಗ ಇರಲಿಲ್ಲ. ಮಾನದ ಪ್ರಶ್ನೆ ಎಂದು ಒಟ್ಟಾದರು. ಕಂಪನಿಗಳು ಆ ಆಜ್ಞೆಯನ್ನು ಕೈಬಿಡಬೇಕಾಯಿತು.

ಅದೇ ಹೊತ್ತಿನಲ್ಲಿ ಇನ್ನೊಂದು ವಸ್ತು ಯಾವ ಕಾವಲುಗಾರನಿಗೂ ಸಿಗದೆ ಪ್ರತಿಯೊಬ್ಬನ ಎದೆಯೊಳಗೆ ಅಡಗಿ ಮನೆಗೆ ಹೋಗುತ್ತಿತ್ತು. ಅದು ಬಂಡೆಯ ಧೂಳು. ಚಿನ್ನ ಇರುವುದು ಬೆಣಚುಕಲ್ಲಿನಲ್ಲಿ, ಬೆಣಚುಕಲ್ಲೆಂದರೆ ಸಿಲಿಕಾ. ಕೊರೆಯುವಾಗ, ಸಿಡಿಸುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಕಣಗಳಿಗಿಂತ ಕಾಣದ ಕಣಗಳೇ ಘಾತಕ. ಅವು ಶ್ವಾಸಕೋಶದ ತುದಿಯವರೆಗೆ ಇಳಿದು ಅಲ್ಲಿ ಗಾಯ ಮಾಡಿ, ಗಾಯ ಗಂಟಾಗಿ, ಉಸಿರಿಗೆ ಜಾಗವಿಲ್ಲದಂತೆ ಮಾಡುತ್ತವೆ. ಇದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ಹತ್ತಿಪ್ಪತ್ತು ವರುಷ ಸುಮ್ಮನಿರುತ್ತದೆ. ಆಮೇಲೆ ಮೆಟ್ಟಿಲು ಹತ್ತಲಾಗುವುದಿಲ್ಲ. ಇದರ ಬೆನ್ನಿಗೆ ಕ್ಷಯ ಸುಲಭವಾಗಿ ಅಂಟಿಕೊಳ್ಳುತ್ತದೆ. ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ೧೯೪೦ರಿಂದ ೧೯೪೬ರವರೆಗೆ ಕೋಲಾರದಲ್ಲಿ ಏಳು ಸಾವಿರಕ್ಕೂ ಮಿಕ್ಕಿ ಕಾರ್ಮಿಕರ ಎದೆಯನ್ನು ಪರೀಕ್ಷಿಸಿದರು. ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಈ ರೋಗ ಇತ್ತು.

ಹೊರಗೆ ಹೋಗುವ ಚಿನ್ನಕ್ಕೆ ಗುಂಜಿ ಗುಂಜಿಯ ಲೆಕ್ಕವಿತ್ತು. ಒಳಗೆ ಹೋದ ಧೂಳಿಗೆ ಲೆಕ್ಕ ಇಡಲು ಅರವತ್ತು ವರುಷ ಹಿಡಿಯಿತು. ನಾವು ಕಂಪನಿಯವರು ರಾಕ್ಷಸರಾಗಿದ್ದರೆಂದು ಹೇಳುತ್ತಿಲ್ಲ. ಆಸ್ಪತ್ರೆ ಕಟ್ಟಿದ್ದರು, ಕೊರೆಯುವಾಗ ನೀರು ಹರಿಸಿ ಧೂಳನ್ನು ಕೆಸರು ಮಾಡುವ ಪದ್ಧತಿಯನ್ನು ತಂದರು; ಮೈಸೂರು ಸಂಸ್ಥಾನ ೧೯೪೦ರಲ್ಲಿ ಈ ರೋಗಕ್ಕೆ ಪರಿಹಾರ ಕೊಡುವ ನಿಯಮಗಳನ್ನು ಮಾಡಿತು. ಆದರೆ ಯಾವುದರ ಮೇಲೆ ಮೊದಲು ಕಣ್ಣು ಬಿತ್ತು, ಯಾವುದರ ಮೇಲೆ ಆಮೇಲೆ ಬಿತ್ತು ಎಂಬುದರಿಂದ ಕಟ್ಟಳೆ ಮಾಡಿದವರ ಮನಸ್ಸು ಎಲ್ಲಿತ್ತೆಂದು ತಿಳಿಯುತ್ತದೆ. ಮತ್ತು ನೀರು ಹರಿಸಿ ಕೊರೆಯುವ ಯಂತ್ರ ಕೊಟ್ಟ ಮೇಲೆ, ಮೈ ನೆನೆಯುತ್ತದೆಂದು ನೀರು ನಿಲ್ಲಿಸಿ ಒಣಗಿ ಕೊರೆಯುವವನು ತನ್ನ ಮಗ್ಗುಲಿನವನ ಉಸಿರನ್ನೇ ಕದಿಯುತ್ತಾನೆ. ಕಲ್ಲು ಕೊರೆಯುವವರು ಈ ಸಭೆಯಲ್ಲಿದ್ದೀರಿ, ನಿಮಗೆ ನಾವು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಆಳದ ಗಣಿಯಲ್ಲಿ ಇನ್ನೊಂದು ಅಪಾಯ, ಬಂಡೆಸಿಡಿತ. ಮೇಲಿನ ಭಾರ ತಾಳಲಾರದೆ ಬಂಡೆಯೇ ಮದ್ದಿನಂತೆ ಸಿಡಿಯುವುದು. ಎಷ್ಟೋ ಸಲ ಮೇಲಿನ ಊರಿನ ಮನೆಗಳೂ ನಡುಗುತ್ತಿದ್ದವು. ಇಲ್ಲಿ ಕಾರ್ಮಿಕನ ಎಚ್ಚರ ಏನು ಮಾಡೀತು? ಅದಿರು ತೆಗೆಯುವ ಕ್ರಮ, ಖಾಲಿಯಾದ ಜಾಗದಲ್ಲಿ ಕಲ್ಲುಕಟ್ಟಡದ ಆಸರೆ, ಬಂಡೆಯ ಸದ್ದನ್ನು ಆಲಿಸುವ ಯಂತ್ರ, ಇವೆಲ್ಲ ಆಡಳಿತದ ಕೈಯಲ್ಲಿವೆ. ೧೯೫೬ರಲ್ಲಿ ಗಣಿಗಳು ಮೈಸೂರು ಸರಕಾರದ ವಶವಾಗಿ, ಆಮೇಲೆ ಕೇಂದ್ರಕ್ಕೆ ಹೋದವು. ೧೯೭೮ರಲ್ಲಿ ಭೂಕಂಪನ ಅಳೆಯುವ ಯಂತ್ರಗಳ ಜಾಲ ಅಲ್ಲಿ ಬಂತು. ೧೯೮೮ರಲ್ಲಿ ಬಂಡೆಯ ಶಾಸ್ತ್ರಕ್ಕೆಂದೇ ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಆದ್ದರಿಂದ ಅಪಾಯಗಳಲ್ಲಿಯೂ ಭೇದವುಂಟು. ಕೆಲವು ಕಾರ್ಮಿಕನ ಕೈಯಲ್ಲಿ, ಕೆಲವು ಧಣಿಯ ತಿಜೋರಿಯಲ್ಲಿ, ಕೆಲವು ಇಬ್ಬರ ನಡುವೆ. ಎಲ್ಲವನ್ನೂ ‘ಜಾಗ್ರತೆ’ ಎಂಬ ಒಂದು ಹಲಗೆಯ ಕೆಳಗೆ ಬರೆಯುವವನು ತನ್ನ ಪಾಲನ್ನು ಇನ್ನೊಬ್ಬನ ಪಾಲಿಗೆ ಸೇರಿಸುತ್ತಾನೆ.

ಸ್ವಾತಂತ್ರ್ಯ ಬಂದ ಮೇಲೆ ೧೯೪೮ರಲ್ಲಿ ಕಾರ್ಖಾನೆ ಕಾಯಿದೆ, ೧೯೫೨ರಲ್ಲಿ ಹೊಸ ಗಣಿ ಕಾಯಿದೆ ಬಂದವು. ಕಾರ್ಖಾನೆ ಕಾಯಿದೆಯಲ್ಲಿ ವಾರಕ್ಕೆ ೪೮ ತಾಸಿನ ಮಿತಿ, ತಿರುಗುವ ಯಂತ್ರಕ್ಕೆ ಬೇಲಿ ಎಂಬ ನಿಯಮಗಳ ಜೊತೆಗೆ, ರಕ್ಷಣೆಗೆ ಇಟ್ಟ ಸಾಧನವನ್ನು ಕೆಡಿಸಿದ ಕಾರ್ಮಿಕನೂ ತಪ್ಪಿತಸ್ಥನೆಂಬ ಮಾತಿತ್ತು. ಆದರೆ ಅಪಾಯವೇನೆಂದು ತಿಳಿದುಕೊಳ್ಳುವ ಹಕ್ಕು ಅವನ ಕೈಗೆ ಬರಲಿಲ್ಲ. ಅದು ಬರಲು ಮತ್ತೆ ಜೀವಗಳೇ ಹೋಗಬೇಕಾಯಿತು. ೧೯೭೫ರ ಡಿಸೆಂಬರ್ ೨೭ರಂದು ಧನಬಾದಿನ ಬಳಿಯ ಚಾಸ್‌ನಾಲಾ ಗಣಿಯಲ್ಲಿ, ಮೇಲಿದ್ದ ಹಳೆಯ ಗಣಿಯ ನೀರು ಒಡೆದು ನುಗ್ಗಿ ೩೭೨ ಜನ ಮುಳುಗಿದರು. ಅಲ್ಲಿಯೂ ಕೆಳಗಿದ್ದವರು ಪಾಳಿಗೆ ಹಾಜರಾದುದೊಂದೇ ಅವರು ಮಾಡಿದ ಕೆಲಸ. ೧೯೮೫ರಲ್ಲಿ ಗಣಿಯ ನಿಯಮಗಳು ತಿದ್ದುಪಡಿಯಾಗಿ, ಕಾರ್ಮಿಕರ ಪರವಾದ ತನಿಖೆಗಾರನೂ ಸುರಕ್ಷಾ ಸಮಿತಿಯೂ ಬಂದವು. ಇಂಗ್ಲಂಡಿನ ೧೮೭೨ರ ಮಾತು ನಮ್ಮಲ್ಲಿಗೆ ಬರಲು ನೂರಹದಿಮೂರು ವರುಷ!

ಭೋಪಾಲದ ಮಾತು ನಿಮಗೆಲ್ಲ ಗೊತ್ತು. ೧೯೮೪ರ ಡಿಸೆಂಬರ್ ೨ರ ರಾತ್ರಿ ಸೋರಿದ ಅನಿಲ ಸಾವಿರಾರು ಜನರನ್ನು ಕೊಂದಿತು. ಅದಕ್ಕೆ ಮೂರು ವರುಷ ಮೊದಲೇ ಆ ಕಾರ್ಖಾನೆಯಲ್ಲಿ ವಿಷಾನಿಲದಿಂದ ಒಬ್ಬ ಕಾರ್ಮಿಕ ಸತ್ತಿದ್ದ. ಕಾರ್ಮಿಕ ಸಂಘ ಎಚ್ಚರಿಸಿತ್ತು. ದುರಂತದ ರಾತ್ರಿ ಅನಿಲವನ್ನು ತಂಪಾಗಿಡುವ ಯಂತ್ರ ನಿಂತಿತ್ತು. ಆಮೇಲೆ ೧೯೮೭ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿಯಾಯಿತು. ತಾನು ಮುಟ್ಟುವ ವಸ್ತು ಎಂಥದೆಂದು ಕೇಳಿ ತಿಳಿಯುವ ಹಕ್ಕು, ಅಪಾಯ ಹತ್ತಿರವಿದೆ ಎಂದು ಕಂಡಾಗ ಅದನ್ನು ಅಧಿಕಾರಿಗಳ ಗಮನಕ್ಕೆ ತರುವ ಹಕ್ಕು ಆಗ ಅಕ್ಷರಕ್ಕೆ ಬಂದವು. ೨೦೨೦ರಲ್ಲಿ ಸಂಸತ್ತು ಈ ಹಳೆಯ ಕಾಯಿದೆಗಳನ್ನೆಲ್ಲ ಒಂದೇ ಸಂಹಿತೆಯಲ್ಲಿ ಹೆಣೆಯಿತು. ಅದರಲ್ಲಿ ಕಾರ್ಮಿಕನ ಕರ್ತವ್ಯಗಳು ಒಂದು ಕಲಮು, ಅದರ ಮುಂದಿನ ಕಲಮೇ ಅವನ ಹಕ್ಕುಗಳು. ನಿಮ್ಮ ಕಾರ್ಖಾನೆಯ ಕಚೇರಿಯಲ್ಲಿ ಕೇಳಿ ಎರಡನ್ನೂ ಓದಿಸಿಕೊಳ್ಳಿರಿ. ಒಂದನ್ನೇ ಓದಿ ಹೇಳುವವರು ಎರಡೂ ಪಕ್ಷದಲ್ಲಿದ್ದಾರೆ.

ಕೋಲಾರದ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದವು. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಕೆಲಸ ಇನ್ನೂ ನಡೆದಿದೆ. ಕೋಲಾರದಲ್ಲಿ ಬಾವಿಗಳಿಗೆ ನೀರು ತುಂಬಿತು, ತನಿಖೆಗಾರರಿಗೆ ಇಳಿಯುವ ಕೆಲಸ ಉಳಿಯಲಿಲ್ಲ. ಉಳಿದದ್ದು ಅದಿರನ್ನು ಅರೆದು, ಸಯನೈಡಿನಿಂದ ಚಿನ್ನ ತೆಗೆದು ಚೆಲ್ಲಿದ ಬೂದಿಬಣ್ಣದ ದಿಬ್ಬಗಳು. ನೂರಿಪ್ಪತ್ತು ವರುಷದ ಹುಡಿ, ಕೋಟಿಗಟ್ಟಲೆ ಟನ್ನು. ಬೇಸಿಗೆಯ ಗಾಳಿಗೆ ಆ ಸಣ್ಣ ಹುಡಿ ಎದ್ದು ಊರಿನ ಮೇಲೆ ಬೀಳುತ್ತದೆ, ಮನೆಯ ಹೆಂಗಸರು ಅಡಿಗೆಯ ಪಾತ್ರೆಗೆ ಬಟ್ಟೆ ಮುಚ್ಚುತ್ತಾರೆ. ಅವರು ಯಾವ ಕಂಪನಿಯ ಕಾರ್ಮಿಕರೂ ಅಲ್ಲ, ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಇಲ್ಲ. ಪಾಳಿ ಮುಗಿಸಿ ಮನೆಗೆ ಬಂದ ಗಂಡಸರು ಕೆಮ್ಮುತ್ತಿದ್ದ ಅದೇ ಓಣಿಗಳಲ್ಲಿ ಅವರ ಮೊಮ್ಮಕ್ಕಳು ಆಡುತ್ತಿದ್ದಾರೆ.